ಆರರೊಳಗಿನ ಎರಡು

ಗಜೇಂದ್ರಗಡ
4 ಆಗಸ್ಟ್ 2024

ಬೇಟಿ ನಾಜಮೀನಗ ಸಲಾವುದ್ದೀನ ಮಾಮುನ ದುವಾ.

ನೀ ಪೊಲೀಸ್ ಬ್ಯಾಂಡಿಗೆ ಅರ್ಜಿ ಹಾಕಿದ್ದು ನಿಮ್ಮವ್ವ ಮೈಮುನ ತಿಳಿಸ್ಯಾಳ. ನನ್ನ ತಂಗಿ ಮಗಳು, ಸೂಟಿಗೆ ಬಂದಾಗ ನನ್ನ ಮನ್ಯಾಗ ಡ್ರಮ್ಮಿನ ಮ್ಯಾಲ ಕೈ ಆಡಿಸಿ ಕಲತಾಕಿ, ಇವತ್ತ ಸರಕಾರಿ ಡ್ರಮ್ ಕಟ್ಟಾಕ ಹೊಂಟಾಳ ಅಂದ್ರ ಮುಂಜಾನಿಂದ ನನಗ ರೊಟ್ಟಿ ಸೇರವಲ್ದು. ಖುಷಿಗೆ. ನಿಮ್ಮ ಮುಮಾನಿ ಆಗಲೇ ಓಣಿ ತುಂಬ ಹೇಳಿ ಬಂದಾಳ. ಇನ್ನೂ ಪರೀಕ್ಷಾ ಆಗಿಲ್ಲ, ಸ್ವಲ್ಪ ಸುಮ್ಮನಿರು ರಮಜಾನಬಿ ಅಂದೆ. ಹೆಂಡತಿ ಗಂಡನ ಮಾತು ಕೇಳಿದ್ದು ನಮ್ಮ ಮನ್ಯಾಗ ಯಾವಾಗೂ ಇಲ್ಲ.

ಫೋನ್ ಹಚ್ಚಬ್ಯಾಡ. ಅದರಾಗ ಬರೀ ಗರ್ ಅಂತೈತಿ. ಎಡಗಿವಿ ಸ್ವಲ್ಪ ಮಂದ ಆಗೇತಿ, ಮತ್ತೇನಿಲ್ಲ. ಪತ್ರ ಬರಿ. ತಾಳದ ವಿಷಯ ಕಾಗದದ ಮ್ಯಾಲ ಚಲೋ ತಿಳೀತೈತಿ.

ಬ್ಯಾಂಡಿನವರ ಕಾಗದದಾಗ ಮ್ಯಾಲ ಆರು, ಕೆಳಗ ಎಂಟು ಅಂತ ಬರದಿರ್ತಾರ, ಅದು ನಿನಗ ತಿಳೀವಲ್ದು ಅಂತ ಮೈಮುನ ಹೇಳಿದಳು. ಅದಕ್ಕ ಯಾಕ ಅಂಜ್ತಿ? ಅದು ನಮ್ಮ ದಾದ್ರಾ ತಾಳನ ಐತಿ. ಧಾ ಧಿನ್ ನಾ, ಧಾ ತಿನ್ ನಾ. ಆರು ಪೆಟ್ಟು. ಮದುವಿ ಮೆರವಣಿಗ್ಯಾಗ ನಾ ಕ್ಲಾರ್ನೆಟ್ ಹಿಡದು ಮುಂದ ನಿಂತಾಗ ಬೂಟಿನೊಳಗ ಕಾಲ್ಬೆರಳಿಲೆ ಆರೂ ಎಣಸ್ತೀನಿ, ಒಂದೂ ಬಿಡಂಗಿಲ್ಲ. ಕೈಗೂ ಆರು, ಕಾಲಿಗೂ ಆರು. ನೀನೂ ಹಂಗ ಎಣಸು.

ನಿನ್ನ ಮಾಮು,
ಸಲಾವುದ್ದೀನ

*

ನರಗುಂದ
13 ಆಗಸ್ಟ್ 2024

ಪ್ರೀತಿಯ ಮಾಮು ಅವರಿಗೆ ನಾಜಮೀನಳ ಸಲಾಮ್.

ನಿಮ್ಮ ಪತ್ರ ಓದಿ ಅಮ್ಮಿ ನಕ್ಕಳು. ಅಣ್ಣ ಮಾತಾಡಿದಂತೆಯೇ ಬರೆಯುತ್ತಾನೆ ಎಂದಳು. ನಾನು ಸಂಜೆ ಹೊತ್ತು ಮಾಳಿಗೆಯ ಮೇಲೆ ಅಭ್ಯಾಸ ಮಾಡುತ್ತೇನೆ. ಡ್ರಮ್ಮಿನ ಮೇಲೆ ಹಳೆಯ ಚಾದರ ಹಾಕಿಕೊಂಡಿರುತ್ತೇನೆ, ಆದರೂ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ.

ಮಾಮು, ಒಂದು ಮಾತು ಕೇಳಲೇ? ಸಿಟ್ಟಾಗಬೇಡಿ. ಪುಸ್ತಕದಲ್ಲಿ ಬೇರೆ ರೀತಿ ಇದೆ. ಇದಕ್ಕೆ ಕಾಂಪೌಂಡ್ ಟೈಮ್ ಎನ್ನುತ್ತಾರಂತೆ. ಚಿಕ್ಕ ಸ್ವರ ಆರು ಇದ್ದರೂ ಪೆಟ್ಟು ಎರಡೇ ಅಂತೆ. ಒಂದೊಂದು ಪೆಟ್ಟಿನೊಳಗೆ ಮೂರು ಮೂರು ಸ್ವರ ಕೂತಿರುತ್ತವೆ. ಮೇಲಿನ ಅಂಕಿಯನ್ನು ಮೂರರಿಂದ ಭಾಗಿಸಿದರೆ ಪೆಟ್ಟು ಸಿಗುತ್ತದೆ. ಒಂಬತ್ತಿದ್ದರೆ ಮೂರು, ಹನ್ನೆರಡಿದ್ದರೆ ನಾಲ್ಕು. ಮೇಲೆ ಮೂರು ಕೆಳಗೆ ನಾಲ್ಕು ಎಂದು ಬರೆದ ತಾಳದಲ್ಲೂ ಅಷ್ಟೇ ಆರು ಚಿಕ್ಕ ಸ್ವರ ಹಿಡಿಯುತ್ತವೆ, ಆದರೆ ಅಲ್ಲಿ ಎರಡೆರಡರ ಮೂರು ಕಟ್ಟು. ಇಲ್ಲಿ ಮೂರು ಮೂರರ ಎರಡು ಕಟ್ಟು. ಲೆಕ್ಕ ಒಂದೇ, ನಡಿಗೆ ಬೇರೆ.

ನಾನು ಹಾಗೆ ನಡೆದು ನೋಡಿದೆ. ಮೊದಲ ಧಾಕ್ಕೆ ಎಡಗಾಲು, ಎರಡನೆಯ ಧಾಕ್ಕೆ ಬಲಗಾಲು. ಕಾಲು ತಾನಾಗಿಯೇ ಹೋಯಿತು, ಯಾರೂ ಕಲಿಸಬೇಕಾಗಲಿಲ್ಲ. ಹೆಜ್ಜೆಯ ಸಪ್ಪಳವೂ ಕೇಳಿಸಲಿ ಎಂದು ಬೂಟು ಹಾಕಿಕೊಂಡು ನಡೆದು, ಬಾರಿಸಿದ್ದರ ಧ್ವನಿಯನ್ನು ರಿಕಾರ್ಡ್ ಮಾಡಿ ಮುಮಾನಿಯ ಫೋನಿಗೆ ಕಳಿಸಿದ್ದೇನೆ. ಕೇಳಿ ಸರಿಯೋ ತಪ್ಪೋ ಬರೆಯಿರಿ. ಪುಸ್ತಕ ಏನೇ ಹೇಳಲಿ, ನೀವು ಹೇಳಿದ್ದೇ ಕೊನೆ.

ಇನ್ನೊಂದು ವಿಷಯ. ಅಬ್ಬಾ ಕಾಳಿನ ಅಂಗಡಿಯಿಂದ ಬಂದು ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದರು: "ಈ ಸಲ ಪಾಸಾದಿ ಅಂದ್ರ ನೌಕರಿ ಮಾಡು, ನಾ ಬ್ಯಾಡ ಅನ್ನಂಗಿಲ್ಲ. ಆಗಲಿಲ್ಲ ಅಂದ್ರ ರೋಣದವರಿಗೆ ಹೂಂ ಅಂತೀನಿ. ಮುಂದಿನ ವರ್ಷದ ಮಾತು ನನ್ನ ಮುಂದ ತಗೀಬ್ಯಾಡ." ರೋಣದ ಹುಡುಗನ ಹೆಸರು ಮುಜಫ್ಫರ. ಹಾರ್ಡ್‌ವೇರ್ ಅಂಗಡಿ ಇದೆ. ಕೆಟ್ಟವನಲ್ಲ ಎನ್ನುತ್ತಾರೆ, ಇರಲಿಕ್ಕಿಲ್ಲ. ಆದರೆ ನನಗೆ ಡ್ರಮ್ ಬೇಕು, ಮಾಮು. ಅದನ್ನು ಬಿಟ್ಟರೆ ನನಗೆ ಏನು ಮಾಡುವುದಕ್ಕೂ ಆಸೆ ಆಗುವುದಿಲ್ಲ. ಇದನ್ನು ನಿಮಗೊಬ್ಬರಿಗೇ ಹೇಳುತ್ತಿದ್ದೇನೆ.

ನಿಮ್ಮ,
ನಾಜಮೀನ

*

ಗಜೇಂದ್ರಗಡ
25 ಆಗಸ್ಟ್ 2024

ಬೇಟಿ,

ಉತ್ತರ ತಡಾ ಆತು. ಶ್ರಾವಣದ ಮದುವಿ ಹಂಗಾಮು, ಲಕ್ಕಲಕಟ್ಟಿ, ಅಬ್ಬಿಗೇರಿ ಅಂತ ತಿರುಗೂದರಾಗ ಪೆನ್ನು ಹಿಡಿಯಾಕ ಆಗಲಿಲ್ಲ.

ನಿನ್ನ ರಿಕಾರ್ಡಿಂಗ್ ಕೇಳಿದೆ. ಎರಡು ಸಲ ಕೇಳಿದೆ. ಕೈ ಭಾಳ ಚಲೋ ಐತಿ, ಎಷ್ಟಂದ್ರೂ ಯಾರ ಶಿಷ್ಯಳು! ಕಾಲು ತಪ್ಪೈತಿ. ಎರಡು ಹೆಜ್ಜಿ ಇಟ್ಟು ನಡುವಿನ ನಾಕು ಪೆಟ್ಟು ನುಂಗಿಬಿಟ್ಟಿ. ಅವು ಎಲ್ಲಿ ಹೋದ್ವು? ಆರು ಅಂತ ಬರದಾರ ಅಂದ್ರ ಆರು. ಎರಡು ಬೇಕಾಗಿದ್ರ ಎರಡು ಅಂತ ಬರೀತಿದ್ದಿಲ್ಲೇನು?

ಪುಸ್ತಕ ಬರದಾಂವ ಒಂದರ ಮೆರವಣಿಗ್ಯಾಗ ನಿಂತಾನೇನು ಕೇಳು. ನಮ್ಮ ಮೆರವಣಿಗಿ ನಡಿಯೂದಿಲ್ಲ, ನಿಂತಿರ್ತದ. ಮದುಮಗನ ಕುದುರಿ ಒಂದು ಹೆಜ್ಜಿ ಇಡೂದರಾಗ ಹುಡುಗೂರು ಹಾಡು ಪೂರಾ ಕುಣಿದಿರ್ತಾರ. ಅಷ್ಟು ಸಾವಕಾಶ ಊದುವಾಗ ಆರೂ ಪೆಟ್ಟು ಕಾಲಾಗ ಇರಬೇಕು, ಇಲ್ಲಂದ್ರ ತಾಳ ಕೈ ಬಿಟ್ಟು ಹೋಗ್ತೈತಿ. ನನ್ನ ಜೋಡಿ ಢೋಲು ಬಾರಿಸೂ ಕೊಟ್ರೇಶನ್ನ ಕೇಳು ಬೇಕಾದ್ರ.

ನಿಮ್ಮ ಅಬ್ಬಾನ ಮಾತಿಗೆ ಹೆದರಬ್ಯಾಡ. ಖಾದರ ಹೊರಗ ಗಟ್ಟಿ, ಒಳಗ ಬೆಣ್ಣಿ. ನೀ ಪಾಸಾಗೇ ಆಗ್ತಿ. ಯಾರರ ಕೇಳಿದ್ರ ಸಲಾವುದ್ದೀನ ಬ್ಯಾಂಡ್ ಮಾಸ್ತರ ಕಲಿಸ್ಯಾನ ಅಂತ ಹೇಳು.

ನಿನ್ನ ಮಾಮು

*

ನರಗುಂದ
3 ಸೆಪ್ಟೆಂಬರ್ 2024

ಮಾಮು,

ಆಯಿತು, ಆರೇ. ಕಾಲು ಮಾತು ಕೇಳುತ್ತಿಲ್ಲ, ಹಠ ಮಾಡುತ್ತದೆ. ತಿದ್ದುತ್ತಿದ್ದೇನೆ. ನೀವು ಕೇಳಿ ಹೇಳಿದ್ದರಿಂದ ಧೈರ್ಯ ಬಂತು. ಇಲ್ಲದಿದ್ದರೆ ಪುಸ್ತಕವನ್ನೇ ನಂಬಿ ಕೂತಿರುತ್ತಿದ್ದೆ.

ಅಕ್ಟೋಬರ್ 21ಕ್ಕೆ ಧಾರವಾಡದ ಮೈದಾನದಲ್ಲಿ ಪರೀಕ್ಷೆ. ದುವಾ ಮಾಡಿ.

ನಾಜಮೀನ

*

ಗಜೇಂದ್ರಗಡ
2 ನವೆಂಬರ್ 2024

ಬೇಟಿ,

ಪರೀಕ್ಷಾ ಮುಗದು ಇಷ್ಟು ದಿನ ಆತು, ನಿನ್ನ ಕಡೆಯಿಂದ ಒಂದು ಸಾಲಿಲ್ಲ. ಟಪಾಲಿನ ಅಣ್ಣ ನಮ್ಮ ಬಾಗಿಲಿಗೆ ಬಂದ್ರ ನಾ ಎದ್ದು ನಿಂತಬಿಡ್ತೀನಿ, ಅಂವ ಬ್ಯಾಂಕಿನ ಕಾಗದ ಕೊಟ್ಟು ಹೋಗ್ತಾನ. ಮುಮಾನಿ ಫೋನ್ ಹಚ್ಚಿದ್ರ ಮೈಮುನ ಮಳಿ ಬೆಳಿ ಮಾತಾಡಿ ಇಟ್ಟುಬಿಡ್ತಾಳಂತ. ನಾ ಇಲ್ಲಿ ಎಲ್ಲಾರಿಗೂ ಹೇಳಿ ಕುಂತೀನಿ. ಏನಾತು ಬರಿ.

ಮಾಮು

*

ನರಗುಂದ
11 ನವೆಂಬರ್ 2024

ಮಾಮು ಅವರಿಗೆ ಸಲಾಮ್.

ಆಗಲಿಲ್ಲ. ಓಟದಲ್ಲಿ ಹಿಂದೆ ಬಿದ್ದೆ. ಅರ್ಧಕ್ಕೆ ಉಸಿರು ಕಟ್ಟಿಬಿಟ್ಟಿತು. ನನ್ನದೇ ತಪ್ಪು, ಡ್ರಮ್ ಹಿಡಿದು ಕೂತು ಓಟದ ಅಭ್ಯಾಸ ಮಾಡಲಿಲ್ಲ. ತಾಳದ ಪರೀಕ್ಷೆ ಚೆನ್ನಾಗಿಯೇ ಆಯಿತು.

ಅಬ್ಬಾ ರೋಣದವರಿಗೆ ಮಾತು ಕೊಟ್ಟರು. ಜನವರಿ 19, ಭಾನುವಾರ ನಿಕಾಹ್. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರವಾಗುತ್ತಿದ್ದೆ. ಡ್ರಮ್ಮನ್ನು ಅಮ್ಮಿ ಅಟ್ಟಕ್ಕೆ ಹಾಕಿದ್ದಾಳೆ.

ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಾಜಮೀನ

*

ಗಜೇಂದ್ರಗಡ
20 ನವೆಂಬರ್ 2024

ಬೇಟಿ,

ನಿನ್ನ ಪತ್ರ ಓದಿ ನಿಮ್ಮ ಮುಮಾನಿ ಒಲಿ ಮುಂದ ಕುಂತು ಅತ್ತಳು. ನಾನೂ ಅತ್ತೆ, ಅಕಿಗೆ ತೋರಿಸಲಿಲ್ಲ. ಓಡೂದಕ್ಕೂ ಡ್ರಮ್ಮಿಗೂ ಏನ ಸಂಬಂಧ ಅಂತೀನಿ ನಾ. ಕಳ್ಳರನ್ನ ಹಿಡಿಯಾಕ ಡ್ರಮ್ ಬಾರಿಸೂವರನ್ನ ಕಳಸ್ತಾರೇನು?

ಆದ್ರ ಒಂದು ಸಮಾಧಾನ ಆತು ನೋಡು. ತಾಳದಾಗ ಸೋಲಲಿಲ್ಲ ನೀ. ತಾಳದಾಗ ಸೋತಿದ್ರ ನಾ ಕ್ಲಾರ್ನೆಟ್ ಮುಟ್ಟತಿದ್ದಿಲ್ಲ.

ನಿನ್ನ ಮದುವಿಗೆ ಬ್ಯಾಂಡ್ ನಂದ. ಖಾದರ ಏನೂ ಮಾತಾಡೂದು ಬ್ಯಾಡ. ಸ್ವಂತ ಮಾಮು ಇರುವಾಗ ಬ್ಯಾರೆಯವರು ಬಂದು ಊದಿದ್ರ ನಾ ಆ ಊರಿಗೆ ಬರಂಗಿಲ್ಲ.

ಮಾಮು

*

ಗಜೇಂದ್ರಗಡ
9 ಫೆಬ್ರವರಿ 2025

ಬೇಟಿ ನಾಜಮೀನಗ ದುವಾ.

ರೋಣದಾಗ ಮನಿ ಹಿಡಿಸ್ತೇನು? ಗಂಡ ಹ್ಯಾಂಗದಾನ? ನಿಮ್ಮ ಅತ್ತಿ ಸೈರಾಬಾನು ಮಾತಿಗೆ ಸ್ವಲ್ಪ ಬಿರುಸು ಅಂತ ಕೇಳೇನಿ, ಹೊಂದಿಕೊಂಡು ಹೋಗು.

ಅವತ್ತ ಮೆರವಣಿಗ್ಯಾಗ ಆದದ್ದು ನನ್ನ ಮನಸ್ಸಿನ್ಯಾಗ ಕೊರಿಯಾಕತ್ತೈತಿ. ಮಧ್ಯಾಹ್ನದ ಅಜಾನ್ ಆಗೂ ಮುಂದ ಬ್ಯಾಂಡ್ ನಿಲ್ಲಬೇಕು. ನಮ್ಮ ಅಬ್ಬಾನ ಕಾಲದಿಂದ ಅದ ಪದ್ಧತಿ. ನಮ್ಮ ಹುಡುಗೂರು ನಿಂತರು, ಕೊಟ್ರೇಶ ನಿಂತ, ನಾ ಒಬ್ಬಾಂವ ಊದಕೋತನ ಇದ್ದೆ. ಕೊಟ್ರೇಶ ಬಂದು ಭುಜಾ ಹಿಡದ ಮ್ಯಾಲ ಕ್ಲಾರ್ನೆಟ್ ಬಾಯಿಂದ ತಗದೆ. ಮಂದಿ ಮಾರಿ ನೋಡಿ ನೆಲಕ್ಕ ಇಳದುಹೋದೆ. ಹಾಡಿನ್ಯಾಗ ಮುಳುಗಿಬಿಟ್ಟಿದ್ದೆ, ಬೇಟಿ. ನಿನ್ನ ಮದುವಿ ಅಂತ ಕಣ್ಣು ಮುಚ್ಚಿ ಊದಾಕತ್ತಿದ್ದೆ. ನಿನ್ನ ಅತ್ತಿ ಮನಿಯವರು ಬ್ಯಾಸರಾ ಮಾಡ್ಕೊಂಡಿದ್ರ ನನ್ನ ಪರವಾಗಿ ಮಾಫಿ ಕೇಳು.

ಒಂದು ಚಲೋ ಸುದ್ದಿ ಐತಿ. ಜಕ್ಕಲಿಯ ಗುರುಸಂಗಪ್ಪಗೌಡರ ಮೊಮ್ಮಗಳು ಐಶ್ವರ್ಯಾ ಅಂತ, ಅದ ಪೊಲೀಸ್ ಬ್ಯಾಂಡಿಗೆ ಹೋಗಾಕಿ. ಮುಂದಿನ ಪರೀಕ್ಷಾಕ್ಕ ತಯಾರಿ. ಗೌಡರು ತಾವ ಬಂದು, "ಮಾಸ್ತರ, ನಿಮ್ಮ ಸೊಸಿಗೆ ಕಲಿಸಿದಂಗ ನಮ್ಮ ಹುಡುಗಿಗೂ ಕಲಸ್ರಿ" ಅಂದ್ರು. ಎಷ್ಟು ದಿನದ ಮ್ಯಾಲ ಒಬ್ಬರು ನನ್ನ ಮಾಸ್ತರ ಅಂದದ್ದು. ಆರು ಎಂಟರಿಂದ ಸುರು ಮಾಡೇನಿ.

ಮಾಮು

*

ರೋಣ
24 ಫೆಬ್ರವರಿ 2025

ಮಾಮು ಅವರಿಗೆ ಸಲಾಮ್.

ಇಲ್ಲಿ ಎಲ್ಲರೂ ಆರಾಮ. ಅಜಾನ್ ವಿಷಯಕ್ಕೆ ಯಾರೂ ಬೇಸರ ಮಾಡಿಕೊಂಡಿಲ್ಲ, ನೀವೂ ಬಿಟ್ಟುಬಿಡಿ. ಅತ್ತೆ ಬಿರುಸು ನಿಜ, ಕೆಟ್ಟವರಲ್ಲ. ನನಗೆ ಮೊದಲು ಬಡಿಸಿ ಆಮೇಲೆ ಬೈಯುತ್ತಾರೆ. ಅವರು ಮಾತು ಉಳಿಸಿಕೊಳ್ಳುವ ಜನ. ಸುಳ್ಳು ಹೇಳಿದವರನ್ನು ಮಾತ್ರ ಮನೆಯೊಳಗೆ ಸೇರಿಸುವುದಿಲ್ಲ ಎನ್ನುತ್ತಾರೆ.

ನಾನು ಡ್ರಮ್ ಬಾರಿಸುತ್ತಿದ್ದೆ, ಪರೀಕ್ಷೆಗೆ ಹೋಗಿದ್ದೆ ಎನ್ನುವುದು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮಾತುಕತೆಯ ವೇಳೆ ಅಬ್ಬಾ ಮುಚ್ಚಿಟ್ಟರು. "ಹೆಣ್ಣು ಹುಡುಗಿ ಮೈದಾನದಾಗ ಓಡ್ಯಾಡಿದ್ದು ಯಾಕ ಹೇಳಬೇಕು" ಎಂದರು. ನಾನೂ ಸುಮ್ಮನಿದ್ದೆ. ಮುಜಫ್ಫರ ಅವರಿಗೂ ಹೇಳಿಲ್ಲ.

ಮಾಮು, ಆ ಜಕ್ಕಲಿಯ ಹುಡುಗಿಗೆ ನೀವು ಕಲಿಸಬೇಡಿ. ಬೇರೆ ಯಾರನ್ನಾದರೂ ನೋಡಿಕೊಳ್ಳಲಿ. ಗದಗಿನಲ್ಲಿ ಬ್ಯಾಂಡಿನಿಂದ ನಿವೃತ್ತರಾದವರು ಇರುತ್ತಾರೆ. ನಿಮಗೂ ವಯಸ್ಸಾಯಿತು, ಯಾಕೆ ತೊಂದರೆ.

ನಾಜಮೀನ

*

ಗಜೇಂದ್ರಗಡ
10 ಮಾರ್ಚ್ 2025

ನಾಜಮೀನ,

ನಿನ್ನ ಪತ್ರ ಬಂದು ವಾರ ಆತು. ರಂಜಾನದ ರೋಜಾ ಹಿಡದು ಸಿಟ್ಟು ಮಾಡಬಾರದು ಅಂತ ಸುಮ್ಮನ ಇಟ್ಟಿದ್ದೆ. ಸಿಟ್ಟು ಇಳೀಲಿಲ್ಲ.

ನೀ ಇಷ್ಟು ಸಣ್ಣ ಮನಸ್ಸಿನಾಕಿ ಅಂತ ನನಗ ಗೊತ್ತಿದ್ದಿಲ್ಲ. ನಿನಗ ಸಿಗಲಿಲ್ಲ, ಖರೇ. ಅದಕ್ಕ ಮತ್ತೊಬ್ಬಾಕಿಗೂ ಸಿಗಬಾರದೇನು? ಆ ಹುಡುಗಿ ಜಕ್ಕಲಿಯಿಂದ ಬಸ್ಸಿಗೆ ಬಂದು, ಬಿಸಲಾಗ ಕುಂತು ಕಲೀತಾಳ. ನಿನ್ನ ಓಟ ಕೆಟ್ಟದ್ದಕ್ಕ ಅಕಿ ಏನು ಮಾಡ್ಯಾಳ? ನನಗ ವಯಸ್ಸಾಗೇತಿ ಅಂತಿ. ವಯಸ್ಸು ಆಗಿದ್ದು ಬೆರಳಿಗಲ್ಲ, ತಾಳಕ್ಕಲ್ಲ.

ನಾ ಕಲಸೂದು ಬಿಡಂಗಿಲ್ಲ.

ಸಲಾವುದ್ದೀನ

*

ರೋಣ
9 ಏಪ್ರಿಲ್ 2025

ಮಾಮು,

ರಂಜಾನ್ ಹಬ್ಬಕ್ಕೆ ನಿಮ್ಮಿಂದ ಒಂದು ಕಾರ್ಡೂ ಬರಲಿಲ್ಲ. ಸಿಟ್ಟು ಹಾಗೇ ಇದೆ ಎಂದು ತಿಳಿಯಿತು. ಈ ಪತ್ರ ಬರೆದ ಮೇಲೆ ಇನ್ನೂ ಹೆಚ್ಚಾಗಬಹುದು. ಆದರೂ ಬರೆಯುತ್ತೇನೆ, ಯಾಕೆಂದರೆ ಐಶ್ವರ್ಯಾ ನನ್ನ ಹಾಗೆ ಮನೆಗೆ ಬರಬಾರದು.

ನಾನು ಓಟದಲ್ಲಿ ಸೋಲಲಿಲ್ಲ. ಓಟದಲ್ಲಿ ಮುಂದಿದ್ದೆ. ತಾಳದಲ್ಲಿ ಸೋತೆ.

ಮೈದಾನದಲ್ಲಿ ಪರೀಕ್ಷೆ ಮಾಡುವ ಮೇಡಂ ಒಂದು ಕಾಗದ ಕೈಗೆ ಕೊಟ್ಟು, ಓದಿ, ಡ್ರಮ್ ಕಟ್ಟಿಕೊಂಡು, ನಡೆಯುತ್ತ ಬಾರಿಸು ಎಂದರು. ಮೇಲೆ ಆರು, ಕೆಳಗೆ ಎಂಟು. ನನ್ನ ಕೈ ಸರಿಯಾಗಿಯೇ ಹೋಯಿತು. ಕಾಲು ಎರಡು ಹೆಜ್ಜೆ ಎಂದಿತು. ನಾನು ಅದನ್ನು ತಡೆದು ಆರು ಹೆಜ್ಜೆ ಇಟ್ಟೆ. ಮಾರ್ಚ್ ಮಾಡುವ ವೇಗದಲ್ಲಿ ಆರು ಹೆಜ್ಜೆ ಹೇಗೆ ಬರುತ್ತದೆ, ನೀವೇ ಯೋಚಿಸಿ. ಬಿಸಿ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತವಳ ಹಾಗೆ ತಕತಕ ಕುಣಿಯುತ್ತಿದ್ದೆ. ಸಾಲಿನಲ್ಲಿ ನಿಂತ ಹುಡುಗಿಯರು ನಕ್ಕರು. ಮೇಡಂ ನಗಲಿಲ್ಲ. ನನ್ನನ್ನು ನಿಲ್ಲಿಸಿ ಕೇಳಿದರು, "ಇದರಾಗ ಪೆಟ್ಟು ಎಷ್ಟವಾ?" ಆರು ಮೇಡಂ ಎಂದೆ. "ಗಡಿಬಿಡಿ ಮಾಡಬ್ಯಾಡ. ನೀರು ಕುಡದು, ಇನ್ನೊಮ್ಮೆ ವಿಚಾರ ಮಾಡಿ ಹೇಳು" ಎಂದರು. ನನಗೆ ಎರಡು ಎಂದು ಗೊತ್ತಿತ್ತು, ಮಾಮು. ಪುಸ್ತಕ ಹೇಳಿತ್ತು, ಕಾಲು ಹೇಳಿತ್ತು. ಆದರೆ ನೀವು ನನ್ನ ರಿಕಾರ್ಡಿಂಗನ್ನು ಎರಡು ಸಲ ಕೇಳಿ ತಪ್ಪು ಎಂದಿದ್ದಿರಿ. ಇಷ್ಟು ವರ್ಷ ಊದಿದವರ ಕಿವಿಗಿಂತ ನನ್ನ ಕಾಲು ದೊಡ್ಡದೇ ಎಂದುಕೊಂಡೆ. ಮತ್ತೆ ಆರು ಎಂದೆ. ಅವರು ನನ್ನ ಹೆಸರಿನ ಮುಂದೆ ಗೆರೆ ಎಳೆದರು.

ಮೆರವಣಿಗೆಯಲ್ಲಿ ನಿಂತು ಊದುವವರಿಗೆ ಆರು ಎಣಿಸುವುದು ಸರಿ ಇರಬಹುದು. ನಡೆಯುವವರಿಗೆ ಅಲ್ಲ. ಈ ತಪ್ಪಿಗೆ ನಾನು ನಿಮ್ಮ ಮೇಲೆ ಸಿಟ್ಟಾಗಲಿಲ್ಲ. ನಿಮಗೆ ನೋವಾಗಬಾರದೆಂದೇ ಓಟದ ಸುಳ್ಳು ಹೇಳಿದೆ.

ಆದರೆ ಮದುವೆಯ ದಿನ ಶಾದಿಮಹಲಿನ ಮೇಲಿನ ಕಿಟಕಿಯಲ್ಲಿ ನಿಂತು ನಾನು ಎಲ್ಲ ನೋಡುತ್ತಿದ್ದೆ. ಮಸೀದಿಯ ಮೈಕು ನಿಮ್ಮ ತಲೆಯ ಮೇಲೆಯೇ ಇತ್ತು. ನಿಮ್ಮ ಹಾಡು ಎಷ್ಟೇ ಚೆಂದವಿರಲಿ, ನೀವು ಅಜಾನ್ ಕೇಳಿಸಿಕೊಂಡು ಊದುವವರಲ್ಲ. ಆಮೇಲೆ ಮುಮಾನಿಯನ್ನು ಒಳಗೆ ಕರೆದು ಕೇಳಿದೆ. ಅವರು ಸೆರಗು ಬಾಯಿಗೆ ಹಿಡಿದುಕೊಂಡು, "ಹ್ವಾದ ವರ್ಷದ ರಂಜಾನದಿಂದ ಪೂರಾ ಹೋಗೇತವಾ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಯಾರ" ಎಂದರು.

ಹೋದ ವರ್ಷದ ರಂಜಾನ್ ಎಂದರೆ ನಾನು ರಿಕಾರ್ಡಿಂಗ್ ಕಳಿಸುವುದಕ್ಕೆ ಎಷ್ಟೋ ಮುಂಚೆ.

ಒಂದೇ ಒಂದು ಸಾಲು ಬರೆದಿದ್ದರೆ ಸಾಕಿತ್ತು, ಮಾಮು. ನನಗೆ ಕೇಳಿಸುವುದಿಲ್ಲ ಬೇಟಿ, ನಿನ್ನ ಕಾಲು ಹೇಳಿದಂತೆ ಮಾಡು ಎಂದು. ನಾನು ನಿಮ್ಮನ್ನು ಕಡಿಮೆ ಎಂದು ತಿಳಿಯುತ್ತಿದ್ದೆನೇ? ನಾನು ರಾತ್ರಿ ಹಗಲು ಇದನ್ನೇ ಯೋಚಿಸುತ್ತೇನೆ. ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ, ಅತ್ತೆ ಕೇಳಿದರೆ ಈರುಳ್ಳಿ ಎನ್ನುತ್ತೇನೆ.

ಐಶ್ವರ್ಯಾಗೆ ಎರಡು ಎಂದು ಹೇಳಿ.

ನಾಜಮೀನ

*

ಗಜೇಂದ್ರಗಡ
27 ಏಪ್ರಿಲ್ 2025

ಬೇಟಿ,

ಹ್ಯಾಂಗ ಬರೀಲಿ ತಿಳೀವಲ್ದು.

ನಿನ್ನ ಪತ್ರ ಓದಿ ಕೊಟ್ರೇಶನ್ನ ಕರಿಸಿದೆ. ಮೆರವಣಿಗಿ ಬಿಟ್ಟು, ಮಾರ್ಚಿನ ಲಯದಾಗ ದಾದ್ರಾ ಬಾರಿಸು ಅಂದೆ. ಕೇಳಸೂದಿಲ್ಲ, ಅದಕ್ಕ ಎದುರು ಕುಂತು ಕೋಲು ನೋಡಿದೆ. ನಾ ಆರು ಎಣಿಸೂದರಾಗ ದೊಡ್ಡ ಕೋಲು ಎರಡ ಸಲ ಬಿತ್ತು. ಮತ್ತ ಬಾರಿಸು ಅಂದೆ, ಮತ್ತ ಎರಡ. ಅಂವ ಮೊದಲಿಂದ ಎರಡ ಬಾರಿಸ್ಯಾನ, ನಾ ಪಕ್ಕದಾಗ ನಿಂತು ಆರು ಎಣಿಸೇನಿ. ಇಬ್ಬರಿಗೂ ಹಾಡು ಕೆಡಲಿಲ್ಲ, ಅದಕ್ಕ ಯಾರೂ ಕೇಳಲಿಲ್ಲ.

ಆ ರಿಕಾರ್ಡಿಂಗ್. ನಿಮ್ಮ ಮುಮಾನಿ ಫೋನ್ ನನ್ನ ಕಿವಿಗೆ ಹಿಡದಳು. ಏನೂ ಬರಲಿಲ್ಲ. ಕಿವಿ ಹೋದಾಗಿಂದ ಮಂದಿ ಮಾತೆಲ್ಲಾ ಅಕಿನ ನನಗ ಬರದು ತೋರಿಸ್ತಾಳ. ನಿನ್ನ ಪತ್ರದಾಗ ಎರಡು ಹೆಜ್ಜಿ ಅಂತ ಬರದಿದ್ದಿ, ಅದನ್ನ ಓದಿ ಕೇಳಿದಂಗ ಬರದೆ. ಕ್ಲಾರ್ನೆಟ್ ಊದಾಂವಗ ಕಿವಿ ಇಲ್ಲ ಅಂತ ಗೊತ್ತಾದ್ರ ಯಾರು ಕರೀತಾರ, ಬೇಟಿ? ಬ್ಯಾಂಡ್ ಬಿಟ್ರ ನಾ ಯಾರು? ಅದ ಅಂಜಿಕಿ ಇತ್ತು. ನಿನ್ನ ಬಾಳೇವು ಅದರಾಗ ಸಿಕ್ಕೊಂಡೈತಿ ಅಂತ ಗೊತ್ತಿದ್ದೂ ಬರದೆ. ಅಲ್ಲಾ ಮಾಫ್ ಮಾಡ್ಯಾನು, ನೀ ಮಾಡಬ್ಯಾಡ.

ಐಶ್ವರ್ಯಾಗ ಎಲ್ಲಾ ಹೇಳಿದೆ. ನೀ ಹೇಳಿದಂಗ ಗದಗಿನ್ಯಾಗ ಬ್ಯಾಂಡಿನಿಂದ ನಿವೃತ್ತರಾದವರ ಕಡೆ ಕಳಸೇನಿ. ಬ್ಯಾಂಡಿನ ಹುಡುಗೂರಿಗೂ ಹೇಳಿದೆ. ಅವರಿಗೆ ಮೊದಲ ಗೊತ್ತಿತ್ತಂತ.

ಈಗ ಕೇಳು. ಮತ್ತ ಅರ್ಜಿ ಕರದಾರ, ಕೊನಿ ತಾರೀಖು ಮೇ ಹದಿನೆಂಟು. ವಯಸ್ಸಿನ ಲೆಕ್ಕದಾಗ ನಿನಗ ಇದೊಂದು ಸಲ ಉಳದೈತಿ ಅಂತ ಐಶ್ವರ್ಯಾ ಬರದು ತೋರಿಸಿದಳು. ನಾ ರೋಣಕ್ಕ ಬರ್ತೀನಿ. ನಿಮ್ಮ ಅತ್ತಿ, ಗಂಡ ಇಬ್ಬರನ್ನೂ ಕೂಡಿಸಿ, ತಪ್ಪು ನಂದು, ಹುಡುಗಿದಲ್ಲ, ಕಳಸ್ರಿ ಅಂತ ಕಾಲು ಹಿಡದು ಕೇಳ್ತೀನಿ. ಖಾದರ ಏನರ ಅನ್ನಲಿ. ನಿನ್ನ ಉತ್ತರಕ್ಕ ಕಾಯಂಗಿಲ್ಲ, ಕಾದ್ರ ನೀ ಬ್ಯಾಡ ಅಂತಿ.

ಮಾಮು

*

ರೋಣ
21 ಮೇ 2025

ಪ್ರೀತಿಯ ಮಾಮು ಅವರಿಗೆ ನಾಜಮೀನಳ ಸಲಾಮ್.

ನಿಮ್ಮ ಪತ್ರ ತಲುಪಿದ ಮರುದಿನವೇ ನೀವು ಬಂದಿರಿ. ನಿಮ್ಮನ್ನು ತಡೆಯಲು ನನಗೆ ಸಮಯವೇ ಸಿಗಲಿಲ್ಲ. ನೀವು ಹೋದ ಮೇಲೆ ಮುಮಾನಿ ಫೋನ್ ಮಾಡಿದ್ದರು. ಕೆಲಸ ಆಯಿತು, ಅವರು ಒಪ್ಪಿದರು ಎಂದು ನೀವು ಎಲ್ಲರಿಗೂ ಹೇಳುತ್ತಿದ್ದೀರಂತೆ. ದಿನಾ ಕೇಳುತ್ತೀರಂತೆ, ನಾಜಮೀನ ಅರ್ಜಿ ತುಂಬಿದಳೇನು ಎಂದು. ಮುಮಾನಿಗೆ ನಾನು ಏನೂ ಹೇಳಲಿಲ್ಲ. ನಿಮಗೇ ಬರೆಯಬೇಕು.

ಅವತ್ತು ಪಡಸಾಲೆಯಲ್ಲಿ ನೀವು ಕೂತು ಮಾತು ಶುರು ಮಾಡಿದಿರಿ. ನಿಮಗೆ ನಿಮ್ಮ ಧ್ವನಿ ಕೇಳಿಸುವುದಿಲ್ಲ, ಅದಕ್ಕೇ ಬಹಳ ಜೋರಾಗಿ ಆಡುತ್ತಿದ್ದಿರಿ. ಪಕ್ಕದ ಮನೆಯವರು ಕಟ್ಟೆಗೆ ಬಂದು ನಿಂತಿದ್ದು ನಿಮಗೆ ಕಾಣಲಿಲ್ಲ. "ನಮ್ಮ ನಾಜಮೀನನಂಥ ಡ್ರಮ್ ಬಾರಿಸಾಕಿ ಈ ಜಿಲ್ಲಾದಾಗಿಲ್ರಿ. ಪರೀಕ್ಷಾದಾಗ ಸೋತದ್ದು ನನ್ನಿಂದ. ಇನ್ನೊಂದು ಸಲ ಮೈದಾನಕ್ಕ ಕಳಸ್ರಿ" ಎಂದಿರಿ. ಕಣ್ಣಲ್ಲಿ ನೀರಿತ್ತು ನಿಮಗೆ.

ಅತ್ತೆ ನನ್ನ ಕಡೆ ತಿರುಗಿ ಕೇಳಿದರು, "ಏನವಾ, ಖರೇನ? ಪರೀಕ್ಷಾಕ್ಕ ಹೋಗಿದ್ದೇನು ನೀ? ನಿಮ್ಮಪ್ಪ ನಮ್ಮ ಮುಂದ ಒಂದು ಮಾತು ಆಡಲಿಲ್ಲಲ್ಲ."

ಮುಜಫ್ಫರ ಅವರೂ ನನ್ನನ್ನೇ ನೋಡುತ್ತಿದ್ದರು. ಕೋಪ ಇರಲಿಲ್ಲ ಆ ಮುಖದಲ್ಲಿ. ಹೌದು ಎಂದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಒಪ್ಪುತ್ತಿದ್ದರೋ ಏನೋ. ಅಬ್ಬಾ ಸುಳ್ಳು ಹೇಳಿದ್ದಾರೆ, ನಾನೂ ಇಷ್ಟು ತಿಂಗಳು ಸುಳ್ಳಿನಲ್ಲಿ ಇದ್ದೇನೆ ಎನ್ನುವುದೊಂದೇ ತಲೆಗೆ ಬಂತು. ನಾನು ಹೇಳಿದೆ, "ಇಲ್ರಿ. ಮಾಮು ಜಕ್ಕಲಿ ಹುಡುಗಿ ಮಾತು ನನ್ನ ಹೆಸರಿಗೆ ಹಚ್ಚಿ ಹೇಳಾಕತ್ತಾರ. ಕಿವಿ ಪೂರಾ ಹೋಗೇತಿ ಅವರಿಗೆ. ಈಗೀಗ ಯಾವುದು ಯಾರ ಸುದ್ದಿ ಅಂತ ನೆನಪು ಉಳಿಯಂಗಿಲ್ಲ. ಮನಸ್ಸಿಗೆ ಹಚ್ಕೋಬ್ಯಾಡ್ರಿ."

ನೀವು ನನ್ನ ತುಟಿ ಆಡುವುದನ್ನು ನೋಡಿದಿರಿ. ನಾನು ನನ್ನ ಪರವಾಗಿ ಕೇಳಿಕೊಳ್ಳುತ್ತಿದ್ದೇನೆ ಎಂದುಕೊಂಡಿರಿ. ನಿಮ್ಮ ಮುಖ ಅರಳಿತು. ಅತ್ತೆಯ ಕಡೆ ತಿರುಗಿ ತಲೆ ಆಡಿಸಿ, "ಹೌದ್ರಿ, ಹೌದ್ರಿ, ಅಕಿ ಹೇಳೂದು ಖರೇ ಐತ್ರಿ" ಎಂದಿರಿ.

ಪಾಪ ಎಂದರು ಅತ್ತೆ. ಅವರ ಕಣ್ಣಲ್ಲೂ ನೀರು ಬಂತು. ನಿಮಗೆ ಇನ್ನೊಂದು ಕಪ್ ಚಹಾ ತರಿಸಿ, ಮುಜಫ್ಫರ ಅವರಿಗೆ ನಿಮ್ಮನ್ನು ಕೈ ಹಿಡಿದು ಬಸ್ ಹತ್ತಿಸಿ ಬರಲು ಹೇಳಿದರು. ಅವರು ನಿಮ್ಮನ್ನು ಅಷ್ಟು ಮರ್ಯಾದೆಯಿಂದ ಕಳಿಸಿದ್ದನ್ನು ನೀವು ಒಪ್ಪಿಗೆ ಎಂದು ತಿಳಿದುಕೊಂಡಿರಿ.

ಅರ್ಜಿ ತುಂಬಿಲ್ಲ, ಮಾಮು. ತಾರೀಖು ಮುಗಿಯಿತು. ಈ ಸಲ ನಿಮ್ಮ ತಪ್ಪು ಏನೂ ಇಲ್ಲ. ಮುಮಾನಿಗೆ ಈ ಪತ್ರ ತೋರಿಸಬೇಡಿ, ಓಣಿಯಲ್ಲಿ ಯಾರಾದರೂ ಕೇಳಿದರೆ ನಾಜಮೀನಳೇ ಬೇಡ ಎಂದಳು ಎಂದು ಹೇಳಿ.

ನಿಮ್ಮ,
ನಾಜಮೀನ